ಬೆನ್ನಿನವರ ಲಾಳ

ನಮ್ಮ ಊರು ಬಿಡುಗಡೆಯಾದ ಕಥೆಯನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಬಾಯಿ ತುಂಬ ಹೇಳುತ್ತಾರೆ, ತಾವು ಮಾಡದ್ದನ್ನೂ ಸೇರಿಸಿ ಹೇಳುತ್ತಾರೆ. ಆಮೇಲೆ ಏನಾಯಿತು ಅಂತ ಕೇಳಿ ನೋಡಿ, ಎಲ್ಲರಿಗೂ ಒಂದೇ ಸಲ ಮನೆಯ ಕೆಲಸ ನೆನಪಾಗುತ್ತದೆ. ಅದಕ್ಕೇ ನಾನು ಹೇಳುತ್ತಿದ್ದೇನೆ. ನನಗೆ ನಾಚಿಕೆ ಕಮ್ಮಿ, ಸಿಟ್ಟು ಜಾಸ್ತಿ ಅಂತ ಅಮ್ಮ ಹೇಳುತ್ತಾಳೆ. ಇರಲಿ, ಇಂಥ ಕಥೆ ಹೇಳುವುದಕ್ಕೆ ಎರಡೂ ಬೇಕು.

ಗೊತ್ತಿಲ್ಲದವರಿಗೆ ಮೊದಲಿನದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ಊರಿನಲ್ಲಿ ಯಾರೂ ಹಿಂದಕ್ಕೆ ತಿರುಗಿ ನೋಡುವಂತಿರಲಿಲ್ಲ. ಬೀದಿಯಲ್ಲಿ, ಉಣ್ಣೆ ಕಾರ್ಖಾನೆಯಲ್ಲಿ, ನೀರಿನ ನಲ್ಲಿಯ ಹತ್ತಿರ, ಎಲ್ಲೂ. ನಮ್ಮ ಹಿಂದೆ ಅವರು ನಡೆಯುತ್ತಿದ್ದರು. ಅವರಿಗೆ ನಾವಿಟ್ಟ ಹೆಸರು ಬೆನ್ನಿನವರು. ಅವರ ಮುಖ ಕಂಡವರಿಲ್ಲ. ಬೂಟಿನ ಸದ್ದು ಕೇಳದವರಿಲ್ಲ. ಹಿಮ್ಮಡಿಗೆ ಕಬ್ಬಿಣದ ಲಾಳ ಬಡಿದ ಬೂಟು, ಕಲ್ಲುಹಾಸಿನ ಮೇಲೆ ಟಕ್, ಟಕ್, ಟಕ್. ನಮಗೆಲ್ಲ ಒತ್ತಿದ ಉಣ್ಣೆಯ ಮೆತ್ತನೆಯ ಜೋಡು. ನಾವು ನಡೆದರೆ ಬೆಕ್ಕು ನಡೆದಷ್ಟೂ ಸದ್ದಾಗುತ್ತಿರಲಿಲ್ಲ.

ಸದ್ದು ಹಿಂದಿನಿಂದ ಬರುತ್ತಿರುವವರೆಗೆ ನಡೆಯುತ್ತಿರಬೇಕು. ಮುಂದಿನವರಿಗೂ ನಮಗೂ ಒಂದು ಕೈ ಅಳತೆ ದೂರ, ಹೆಚ್ಚಿಲ್ಲ ಕಮ್ಮಿ ಇಲ್ಲ. ಸದ್ದು ಬೆನ್ನಿಗಿರುವಾಗ ಸಾಲು ಬಿಟ್ಟು ಮನೆಗೆ ನುಗ್ಗುವ ಹಾಗಿಲ್ಲ; ನುಗ್ಗಿದರೆ ಬೆನ್ನಿನವರನ್ನು ಕೈ ಹಿಡಿದು ಮನೆಯೊಳಕ್ಕೆ ಕರೆತಂದ ಹಾಗೆ. ಸದ್ದು ಬೇರೆ ಕಡೆ ಹೊರಳಿದ ಮೇಲೆಯೇ ಬಾಗಿಲು ತೆಗೆಯಬೇಕು. ಸದ್ದು ಫಕ್ಕನೆ ನಿಂತಿತೋ, ಅಲ್ಲೇ ಯಾರನ್ನೋ ಹಿಡಿದರು ಅಂತ ಅರ್ಥ. ಮತ್ತೆ ಶುರುವಾಗುವ ಹೊತ್ತಿಗೆ ಸಾಲಿನಲ್ಲಿ ಒಬ್ಬರು ಕಮ್ಮಿ. ಅದು ಯಾರು ಅಂತ ಮನೆಮನೆಯಲ್ಲಿ ತಲೆ ನೋಡಿಕೊಂಡ ಮೇಲೆ ಗೊತ್ತಾಗುತ್ತಿತ್ತು.

ಮೊದಲು ತಿರುಗಿದವಳು ನನ್ನ ಅಕ್ಕ. ಕಾರ್ಖಾನೆಯಿಂದ ಬರುವ ಸಾಲಿನಲ್ಲಿ ಅಮ್ಮ ಮುಂದೆ, ಅವಳ ಹಿಂದೆ ಅಕ್ಕ. ಅವಳಿಗೆ ಏನನ್ನಿಸಿತೋ ಏನೋ, ತಿರುಗಿ ನೋಡಿ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಅಯ್ಯೋ, ಇಷ್ಟೇನಾ ಇವ್ರು?" ಅಷ್ಟೇ. ಸದ್ದು ನಿಂತಿತು. ಮತ್ತೆ ಶುರುವಾದಾಗ ಅಮ್ಮನ ಹಿಂದೆ ಅಕ್ಕ ಇರಲಿಲ್ಲ.

ಆದರೆ ಆ ಮಾತು ಉಳಿಯಿತು. ಇಷ್ಟೇನಾ? ಬೆರಳೆಣಿಕೆಯಷ್ಟು ಜನಕ್ಕೆ ಇಡೀ ಊರು ಬಾಲ ಮುದುರಿಕೊಂಡಿತ್ತಾ? ಹುಡುಗ ಹುಡುಗಿಯರೆಲ್ಲ ಅದನ್ನೇ ಪಿಸುಗುಟ್ಟಿದೆವು, ಮತ್ತೊಂದು ದಿನ ಕಾರ್ಖಾನೆಯ ಗೇಟಿನ ಹತ್ತಿರ ಎಲ್ಲರೂ ಒಟ್ಟಿಗೆ ತಿರುಗಿದೆವು. ಬೆನ್ನಿನವರು ಓಡಿದರು. ಓಡುವುದಕ್ಕೆ ಭಾರವಾಗುತ್ತದೆ ಅಂತ ಬೂಟು ಬಿಚ್ಚಿ ಎಸೆದು ಓಡಿದರು. ಅವರಲ್ಲೊಬ್ಬನ ಮುಂಗೈ ಕಚ್ಚಿದವಳು ನಾನೇ. ಅವರ ಕೋಣೆಗಳನ್ನೆಲ್ಲ ಜಾಲಾಡಿದೆವು. ಅಕ್ಕನ ಜೋಡು ಸಿಕ್ಕಿತು, ಅಕ್ಕ ಸಿಗಲಿಲ್ಲ.

ಇಲ್ಲಿಗೆ ಎಲ್ಲರೂ ಹೇಳುವ ಕಥೆ ಮುಗಿಯಿತು. ನನ್ನದು ಇಲ್ಲಿಂದ.

ಚಳಿಗಾಲ ಬಂದಿತು. ಊರೇನೋ ನಮ್ಮದಾಯಿತು, ಆದರೆ ಊರ ಸುತ್ತಿನ ಗೋಡೆಯ ಆಚೆಯಿಂದ ಬರುತ್ತಿದ್ದ ಸಾಮಾನು ನಿಂತುಹೋಯಿತು. ಚರ್ಮ ಇಲ್ಲ, ಮೊಳೆ ಇಲ್ಲ. ಉಣ್ಣೆ ಜೋಡುಗಳು ಕೆಸರಲ್ಲಿ ನೆನೆದು ಅಡಿ ಕಳಚಿ ಬಿದ್ದವು. ಜನ ಕಾಲಿಗೆ ಚಿಂದಿ ಸುತ್ತಿಕೊಂಡು ಕೆಲಸಕ್ಕೆ ಬರತೊಡಗಿದರು. ನನ್ನ ಸೋದರಮಾವ ಜೋಡು ಹೊಲಿಯುವವನು, ನಾನು ಅವನ ಹತ್ತಿರ ಕೆಲಸ ಕಲಿಯುತ್ತಿದ್ದೆ. ಅಂಗಡಿ ಅಂದರೆ ಒಂದು ಕಿಟಕಿ, ಒಂದು ಒಲೆ, ಮಂಡಿಯ ನಡುವೆ ಹಿಡಿದುಕೊಳ್ಳುವ ಕಬ್ಬಿಣದ ಪಾದ, ಗೋಡೆಗೆಲ್ಲ ಅಂಟಿನ ವಾಸನೆ. ಮಾವನಿಗೆ ಕಿವಿ ಕೇಳಿಸುವುದಿಲ್ಲ. ಮಗುವಾಗಿದ್ದಾಗ ಮಗ್ಗದ ಕೆಳಗೆ ಮಲಗಿಸುತ್ತಿದ್ದರಂತೆ, ಆ ಗದ್ದಲವೇ ಅವನ ಕಿವಿ ತಿಂದುಬಿಟ್ಟಿತು.

"ಬಂಗಾರದಂಥಾ ಬೂಟುಗಳು ಸುಮ್ನೆ ಕೊಳೀತಾ ಬಿದ್ದಿವೆಯಲ್ಲೇ," ಅಂದ ಮಾವ ಒಂದು ದಿನ. ಬೆನ್ನಿನವರು ಬೆರಳೆಣಿಕೆಯಷ್ಟೇ ಇದ್ದರೂ ಅವರ ಕೋಣೆಯಲ್ಲಿ ವರ್ಷಗಟ್ಟಲೆ ಹೊರಗಿನಿಂದ ತರಿಸಿಟ್ಟ ಬೂಟಿನ ರಾಶಿಯೇ ಇತ್ತು. ನಾವು ಅವುಗಳ ಅಡಿಯನ್ನು ಲಾಳದ ಸಮೇತ ಕತ್ತರಿಸಿ ತೆಗೆದು ಉಣ್ಣೆ ಜೋಡಿನ ಕೆಳಗೆ ಹೊಲಿದೆವು. ಉದ್ದವಾದದ್ದನ್ನು ಕೊಯ್ದು ಚಿಕ್ಕದು ಮಾಡಿ, ಲಾಳವನ್ನು ಬಿಚ್ಚಿ ಅದರದೇ ಹಳೆಯ ಮೊಳೆಯಲ್ಲಿ ಮತ್ತೆ ಬಡಿದೆವು. ಲಾಳ ಇದ್ದರೆ ಅಡಿ ಸವೆಯುವುದಿಲ್ಲ, ಆ ಚಳಿಗಾಲ ದಾಟಿಕೊಳ್ಳಲು ಅಷ್ಟು ಸಾಕಾಗಿತ್ತು. ಮೊದಲ ಜೋಡನ್ನು ನಾನೇ ಹಾಕಿಕೊಂಡು ಬೀದಿಯ ತುಂಬ ಟಕ್ ಟಕ್ ಅಂತ ಮೆರೆದೆ. ಅವರ ಬೂಟು ಈಗ ನಮ್ಮ ಕಾಲ ಕೆಳಗೆ! ಹೊಟ್ಟೆ ತುಂಬುವಷ್ಟು ಖುಷಿಯಾಗಿತ್ತು ನನಗೆ.

ಊರು ಊರೇ ಅಂಗಡಿಗೆ ಬಂದಿತು. ಕತ್ತರಿಯೂ ಬಂದ. ಕತ್ತರಿ ಅನ್ನುವುದು ಕ್ಷೌರದಂಗಡಿಯವನ ಅಡ್ಡಹೆಸರು. ಹೆಸರು ಬಂದದ್ದು ಕೈಯಲ್ಲಿರುವುದರಿಂದಲ್ಲ, ಬಾಯಲ್ಲಿರುವುದರಿಂದ.

"ಏನಮ್ಮಾ ಕಚ್ಚೋ ಹುಡುಗಿ, ಮೊಳೆ ಹೊಡೀತೀಯಾ ಇಲ್ಲಾ ಹಲ್ಲಲ್ಲೇ ಕೂರಿಸ್ತೀಯಾ?" ಅಂತ ಎಲ್ಲರ ಮುಂದೆ ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಅವನ ಎಡಗಾಲಿನ ಲಾಳಕ್ಕೆ ಮೊಳೆಯನ್ನು ಸಿಟ್ಟಿನಲ್ಲಿ ಬಡಿದೆ, ಅದು ಸೊಟ್ಟಗೆ ಹೋಯಿತು, ಹಾಗೇ ಬಿಟ್ಟೆ. ಎರಡು ದಿನದ ಮೇಲೆ ಮತ್ತೆ ಬಂದ. ಎಡಗಾಲು ಊರಿದರೆ ಟಕ್ ಅನ್ನುವುದರ ಬೆನ್ನಿಗೇ ಒಂದು ಟಿಕ್.

"ಒಂದು ಹೆಜ್ಜೆಗೆ ಎರಡು ಸದ್ದು ಬರ್ತಿದೆಯಲ್ಲೇ!"

"ನೀವು ಕಾಲು ಎಳ್ಕೊಂಡು ನಡೀತೀರ, ಅದಕ್ಕೆ," ಅಂದೆ ನಾನು.

"ಓಹೋ! ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಅಂತ ನಗುತ್ತ ಟಕ್‌ಟಿಕ್ ಅಂತ ಹೊರಟುಹೋದ. ಸರಿ ಮಾಡಿಕೊಡಲಿಲ್ಲ ನಾನು.

ಅಮ್ಮನ ಜೋಡಿಗೆ ಮಾತ್ರ ಒಳ್ಳೆಯ ಲಾಳ ಹುಡುಕಿ ಹಾಕಿದೆ. ಅಮ್ಮ ಉಣ್ಣೆ ತೊಳೆಯುವ ಕೋಣೆಯಲ್ಲಿ ಕೆಲಸ ಮಾಡುವವಳು. ದಿನವಿಡೀ ಬಿಸಿನೀರಿನ ತೊಟ್ಟಿಯ ಮುಂದೆ ನಿಂತು ಕಾಲು ಊದಿಕೊಂಡಿರುತ್ತದೆ, ಉಸಿರು ಕಟ್ಟುತ್ತದೆ. ಕಾರ್ಖಾನೆಯ ದಾಯಿ ಅವಳನ್ನು ನೋಡಿ, "ಮೆಟ್ಟಿಲು ಹತ್ತಬೇಡ, ಓಡಬೇಡ, ಜಾಸ್ತಿ ನಡೀಬೇಡ, ನಿನ್ನ ಎದೆ ತಡ್ಕೊಳ್ಳಲ್ಲ," ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಅಮ್ಮ ಜೋಡು ಹಾಕಿಕೊಂಡು ಚೆನ್ನಾಗಿದೆ ಅಂದಳು. ಕಾಲ ಕೆಳಗೆ ನೋಡಿಕೊಳ್ಳಲಿಲ್ಲ.

ಬಿಡುಗಡೆಯಾದ ಮೇಲೂ ಅಮ್ಮ ಒಂದು ಸಲವೂ ತಿರುಗಿದ್ದನ್ನು ನಾನು ನೋಡಿರಲಿಲ್ಲ. ಅವಳೊಬ್ಬಳೇ ಅಲ್ಲ, ದೊಡ್ಡವರು ಯಾರೂ ತಿರುಗುತ್ತಿರಲಿಲ್ಲ. ಹಿಂದಿನಿಂದ ಕರೆದರೆ ಅಲ್ಲೇ ನಿಂತು, ನಾವು ಸುತ್ತಿಕೊಂಡು ಮುಂದೆ ಬರುವವರೆಗೆ ಕಾಯುತ್ತಿದ್ದರು. ನಾವು ಹುಡುಗರೆಲ್ಲ ಅದನ್ನು ಅಣಕಿಸಿ ನಗುತ್ತಿದ್ದೆವು. "ಕತ್ತು ತಿರುಗಿಸಿದ್ರೆ ಮುರಿದು ಬೀಳುತ್ತೇನಮ್ಮಾ?" ಅಂತ ನಾನೇ ಕೇಳಿದ್ದೇನೆ. ಅಮ್ಮ ಗೋಡೆಯ ಕಡೆಗೇ ಮುಖ ಮಾಡಿಕೊಂಡು, "ಊಟ ಆರ್ತಿದೆ, ಬಾ," ಅನ್ನುತ್ತಿದ್ದಳು.

ಆಮೇಲೆ ಮಂಜು ಇಳಿಯಿತು.

ಅಂಥ ಮಂಜನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹಗಲಿಗೂ ಸಂಜೆಗೂ ವ್ಯತ್ಯಾಸವಿಲ್ಲ, ಇಡೀ ಊರಿನ ಮೇಲೆ ತೊಳೆಯದ ಉಣ್ಣೆ ಹೊದಿಸಿದ ಹಾಗೆ. ನಮ್ಮೂರಿನಲ್ಲಿರುವುದು ಒಂದೇ ದೊಡ್ಡ ಬೀದಿ. ಕಾರ್ಖಾನೆಯ ಸುತ್ತ ಬಳೆಯ ಹಾಗೆ ಸುತ್ತಿಕೊಂಡಿರುವುದರಿಂದ ಅದರ ಹೆಸರೂ ಬಳೆಬೀದಿ. ಒಂದು ಬದಿಗೆ ಕಾರ್ಖಾನೆಯ ಎತ್ತರದ ಗೋಡೆ, ಇನ್ನೊಂದು ಬದಿಗೆ ಮನೆಗಳು. ಮಂಜಿನಲ್ಲಿ ಮುಂದಿನವರ ಬೆನ್ನು ಬಿಟ್ಟರೆ ಮತ್ತೇನೂ ಕಾಣುವುದಿಲ್ಲ. ಸದ್ದು ಮಾತ್ರ ಗೋಡೆಗೆ ಬಡಿದು ದುಪ್ಪಟ್ಟಾಗಿ ಹಿಂದಿನಿಂದ ಬರುತ್ತದೆ.

ಮೊದಲು ಒಬ್ಬಳು ಅಂದಳು, "ನಿನ್ನೆ ನನ್ನ ಹಿಂದೆ ಬೂಟಿನ ಸದ್ದು ಕೇಳಿಸ್ತು ಕಣೆ." ಆಮೇಲೆ ಇನ್ನೊಬ್ಬ ಅಂದ. ಆಮೇಲೆ ಯಾರೂ ಅನ್ನಲಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಬೀದಿಯಲ್ಲಿ ಲಾಳ ಕುಟ್ಟುತ್ತ ಆಡುತ್ತಿದ್ದ ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಸಂಜೆ ಕಾರ್ಖಾನೆ ಬಿಟ್ಟಾಗ ಜನ ತಾವಾಗಿಯೇ ಒಬ್ಬರ ಹಿಂದೆ ಒಬ್ಬರು ನಿಂತರು. ಒಂದು ಕೈ ಅಳತೆ ದೂರ. ಯಾರೂ ಹೇಳಿರಲಿಲ್ಲ, ಯಾರೂ ಸಾಲು ಕಟ್ಟಿ ಅಂದಿರಲಿಲ್ಲ.

ಅವತ್ತು ರಾತ್ರಿ ಯಾರೂ ಮನೆಗೆ ಬರಲಿಲ್ಲ.

ಹಿಂದೆ ಸದ್ದಿತ್ತಲ್ಲ, ಹೇಗೆ ಬಂದಾರು? ಬೆನ್ನಿನವರನ್ನು ಮನೆಗೆ ಕರೆತಂದ ಹಾಗಾಗುತ್ತದೆ. ಸದ್ದು ಹೊರಳಿ ಹೋಗಲಿ ಅಂತ ನಡೆದರು. ಅದು ಹೊರಳಲಿಲ್ಲ. ತಮ್ಮ ಮನೆಯ ಬಾಗಿಲು ಬಂದಿತು, ದಾಟಿ ನಡೆದರು. ಒಂದು ಸುತ್ತು, ಮತ್ತೊಂದು ಸುತ್ತು. ಸುಸ್ತಾಗಿ ಬಿದ್ದವರು ಬಿದ್ದಲ್ಲೇ ತುಸು ಮಲಗಿ, ಮತ್ತೆ ಎದ್ದು ಸೇರಿಕೊಂಡರು. ಬೆಳಗ್ಗೆ ಮೂಟೆ ತಾತ ಗೋಡೆಗೆ ಒರಗಿ ಕೂತಿದ್ದ. ಜೀವಮಾನವಿಡೀ ಉಣ್ಣೆಯ ಮೂಟೆ ಹೊತ್ತವನು, ಕಲ್ಲಿನಂಥ ಮುದುಕ. ಹೋಗಿ ಮುಟ್ಟಿದರೆ ತಣ್ಣಗಿದ್ದ. ಸಾಲು ಅವನ ಚಾಚಿದ ಕಾಲನ್ನು ಬಳಸಿಕೊಂಡು ಹೋಗುತ್ತಲೇ ಇತ್ತು, ಒಬ್ಬರೂ ತಲೆ ಹೊರಳಿಸಲಿಲ್ಲ.

ನಾನು ಆ ರಾತ್ರಿ ಅಂಗಡಿಯಲ್ಲೇ ಮಲಗಿದ್ದೆ. ಒಲೆ ಬಿಟ್ಟು ಬರಲು ಸೋಮಾರಿತನ. ಅಮ್ಮ ಮನೆಯಲ್ಲಿರುತ್ತಾಳೆ ಅಂತ ನೆಮ್ಮದಿಯಾಗಿ ಗೊರಕೆ ಹೊಡೆದಿದ್ದೆ. ತಾತನನ್ನು ಕಂಡ ಕೂಡಲೇ ಮನೆಗೆ ಓಡಿದೆ. ಒಲೆ ಹೊತ್ತಿಸಿರಲಿಲ್ಲ, ಹಾಸಿಗೆ ಬಿಚ್ಚಿರಲಿಲ್ಲ, ಅಮ್ಮನ ಶಾಲು ಗೂಟದಲ್ಲಿರಲಿಲ್ಲ.

ಬೀದಿಯ ಬದಿಗೆ ನಿಂತು ಸಾಲನ್ನು ನೋಡಿದೆ. ಮಂಜಿನೊಳಗಿನಿಂದ ಒಬ್ಬೊಬ್ಬರೇ ಬರುತ್ತಿದ್ದರು. ಮಗ್ಗದವರು, ಬಣ್ಣದವರು, ಗೇಟಿನವನು, ದಾಯಿ. ಎಲ್ಲರ ಕಣ್ಣೂ ಮುಂದಿನವರ ಬೆನ್ನಿನ ಮೇಲೆ. ರೆಪ್ಪೆಯ ಮೇಲೆ ನೀರು ಕೂತಿದೆ, ಒರೆಸಿಕೊಳ್ಳುವುದಿಲ್ಲ. ಟಕ್, ಟಕ್, ಟಕ್, ಟಕ್. ಸಾಲಿನ ಕೊನೆ ಬರಲಿ, ಕೊನೆಯಲ್ಲಿ ಬರುವ ಬೆನ್ನಿನವರನ್ನು ಒಂದು ಕೈ ನೋಡಿಯೇ ಬಿಡುತ್ತೇನೆ ಅಂತ ಕಾದೆ. ಕೊನೆ ಬರಲಿಲ್ಲ. ಮತ್ತೆ ಮಗ್ಗದವರು ಬಂದರು, ಬಣ್ಣದವರು ಬಂದರು, ಗೇಟಿನವನು ಬಂದ, ದಾಯಿ ಬಂದಳು.

ಸಾಲಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಬಳೆಬೀದಿಯ ಸುತ್ತ ಅದು ಕೂಡಿಕೊಂಡುಬಿಟ್ಟಿತ್ತು. ಪ್ರತಿಯೊಬ್ಬರ ಹಿಂದೆಯೂ ಒಬ್ಬರಿದ್ದರು, ಪ್ರತಿಯೊಬ್ಬರ ಕಾಲ ಕೆಳಗೂ ಲಾಳವಿತ್ತು. ನಾನು ಹೊಡೆದ ಲಾಳ.

"ಯಾರೂ ಇಲ್ಲ ಕಣ್ರೋ!" ಅಂತ ಕಿರುಚಿದೆ. "ಅದು ನಿಮ್ಮದೇ ಜೋಡು! ನಿಮ್ಮ ಕಾಲು ನೋಡ್ಕೊಳ್ಳಿ!"

"ಸುಮ್ನಿರೇ," ಅಂದಳು ದಾಯಿ, ತುಟಿ ಅಲುಗಿಸದೆ. "ಕೇಳಿಸ್ತಿಲ್ವಾ ನಿಂಗೆ?"

ಕೇಳಿಸುತ್ತಿತ್ತು. ಅದೇ ತಾನೇ ಕಷ್ಟ. ಹಗ್ಗ ಅಂತ ಗೊತ್ತಿದ್ದರೂ ಹಾವಿನ ಹಾಗೇ ಬುಸುಗುಟ್ಟುತ್ತಿತ್ತು ಅದು.

ಮಾವನನ್ನು ಕರೆತರೋಣವೆಂದರೆ ಅವನಿಗೆ ಇದನ್ನು ಹೇಗೆ ತಿಳಿಸುವುದು? ಸದ್ದಿಗೆ ಹೆದರುವುದು ಅಂದರೇನು ಅಂತಲೇ ಅವನಿಗೆ ಗೊತ್ತಿಲ್ಲ. ಅಷ್ಟರಲ್ಲಿ ಮಂಜಿನಿಂದ ಅಮ್ಮ ಬಂದಳು. ಮೊದಲ ಸುತ್ತಿನಲ್ಲಿ ಕಂಡಿರಲಿಲ್ಲ, ಎಲ್ಲೋ ಬಿದ್ದು ತುಸು ಮಲಗಿ ಮತ್ತೆ ಸೇರಿಕೊಂಡಿರಬೇಕು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ತುಟಿ ನೀಲಿ. ಊದಿದ ಕಾಲು ಜೋಡಿನಿಂದ ಹೊರಗೆ ಉಬ್ಬಿತ್ತು. ಒಂದೊಂದು ಉಸಿರಿಗೂ ಎದೆಯೊಳಗಿನಿಂದ ಸಿಳ್ಳೆ. ಇನ್ನೊಂದೆರಡು ಸುತ್ತು ಅಷ್ಟೇ, ಆಮೇಲೆ ತಾತನ ಪಕ್ಕದಲ್ಲಿ ಇವಳನ್ನೂ ಕೂರಿಸಬೇಕಾಗುತ್ತದೆ ಅಂತ ನನಗೆ ಖಚಿತವಾಯಿತು.

ಎದುರಿಗೆ ಹೋಗಿ ಎರಡೂ ಕೈಯಲ್ಲಿ ತಡೆದೆ. "ಅಮ್ಮಾ, ನಿಲ್ಲಮ್ಮಾ. ಮನೆ ಇಲ್ಲೇ ಇದೆ, ಬಾಮ್ಮಾ."

"ದಾರಿ ಬಿಡು."

"ಯಾರೂ ಇಲ್ಲಮ್ಮಾ ಹಿಂದೆ!"

"ಮನೆಗೆ ಬಂದ್ರೆ ಅವ್ರೂ ಬರ್ತಾರೆ. ನೀನಿರ್ತೀಯ ಮನೇಲಿ." ಉಸಿರು ಎಳೆದುಕೊಂಡಳು. "ನಾನು ನಡೀತಿದ್ರೆ ನನ್ನ ಹಿಂದೇನೇ ಇರ್ತಾರೆ. ನೀನು ಹೋಗಿ ಬಾಗಿಲು ಹಾಕ್ಕೋ. ನನ್ ಚಿನ್ನಾ ಅಲ್ವಾ, ಹೋಗು."

ಇದನ್ನು ಕೇಳಿ ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ತೋಳು ಹಿಡಿದು ಎಳೆದೆ. ಅಷ್ಟು ನಿತ್ರಾಣಳಾದವಳಿಗೆ ಎಲ್ಲಿಂದ ಶಕ್ತಿ ಬಂತೋ, ನನ್ನನ್ನು ಪಕ್ಕಕ್ಕೆ ತಳ್ಳಿ ಮುಂದೆ ನಡೆದಳು. ನಾನು ಗೋಡೆಗೆ ಬಡಿದುಕೊಂಡೆ. ಅವಳು ಮಂಜಿನಲ್ಲಿ ಕರಗುವಷ್ಟರಲ್ಲಿ ಎದ್ದು ಅವಳ ಹಿಂದಿನ ಜಾಗಕ್ಕೆ ಹಾರಿದೆ. ನನ್ನ ಲಾಳವೂ ಸಾಲಿನ ತಾಳಕ್ಕೆ ಸೇರಿಕೊಂಡಿತು.

"ಹಿಂದೆ ಬಂದ್ಯಾ?" ಅಮ್ಮನ ದನಿ ನಡುಗಿತು. "ಹಿಂದೆ ಬೇಡ ಕಣೆ! ಮುಂದೆ ಬಾ, ನನ್ನ ಮುಂದೆ ಬಾ. ಹಿಂದೆ ಇರಬೇಡ, ನಿನ್ ಕಾಲಿಗೆ ಬೀಳ್ತೀನಿ!"

"ನೀನು ನಿಂತ್ರೆ ಬರ್ತೀನಿ."

ಅವಳು ನಿಲ್ಲಲಿಲ್ಲ.

ಆಗ ನನ್ನ ಬೆನ್ನಿಗೆ ಸದ್ದು ಬಂತು. ನಾನು ತಿರುಗಿದವಳು, ಬೆನ್ನಿನವನ ಕೈ ಕಚ್ಚಿದವಳು, ಊರಿನವರ ಕತ್ತನ್ನು ಅಣಕಿಸಿ ನಕ್ಕವಳು. ತಿರುಗಿ ನೋಡಿಬಿಡೋಣ, ಏನು ಮಹಾ ಅಂತ ಕತ್ತು ಹೊರಳಿಸಲು ಹೋದೆ. ಹೊರಳಲಿಲ್ಲ! ಕತ್ತಿನೊಳಗೆ ಯಾರೋ ಗೂಟ ಹೊಡೆದ ಹಾಗೆ. ತಲೆಗೆ ಎಲ್ಲ ಗೊತ್ತಿತ್ತು. ಆ ಲಾಳ ಯಾವ ರಾಶಿಯದು, ಯಾವ ಸುತ್ತಿಗೆಯಲ್ಲಿ ಬಡಿದದ್ದು, ಎಲ್ಲ. ಆದರೆ ಬೆನ್ನು ನನ್ನ ಮಾತು ಕೇಳಲಿಲ್ಲ. ಬೆವರು ಕಿತ್ತುಕೊಂಡಿತು. ಮೆಲ್ಲಗೆ ನಡೆದೆ, ಹಿಂದಿನ ಸದ್ದೂ ಮೆಲ್ಲಗಾಯಿತು. ಬೇಗ ನಡೆದೆ, ಅದೂ ಬೇಗ ಬಂತು. ಅವತ್ತು ಗೇಟಿನ ಹತ್ತಿರ ನಾನು ಹೇಗೆ ತಿರುಗಿದೆ? ಎಲ್ಲರೂ ತಿರುಗಿದರು, ನಾನೂ ತಿರುಗಿದೆ. ಒಬ್ಬಳೇ ತಿರುಗಿದ್ದು ಅಕ್ಕ ಮಾತ್ರ. ಅವಳಿಗೆ ಎಂಥ ಗುಂಡಿಗೆ ಇತ್ತು ಅಂತ ನನಗೆ ಆಗ ಗೊತ್ತಾಯಿತು.

ಎಷ್ಟು ಹೊತ್ತು ನಡೆದೆನೋ. ಅಮ್ಮನ ಸಿಳ್ಳೆ ಉಸಿರು ಎಣ್ಣೆ ತೀರಿದ ದೀಪದ ಹಾಗೆ ಏರಿ ಇಳಿಯುತ್ತಿತ್ತು. ನಾನು ಅಳುತ್ತಿದ್ದೆ. ಆಗ ಆ ಸದ್ದು ನನ್ನ ಕಿವಿಗೆ ಸರಿಯಾಗಿ ಬಿತ್ತು.

ಟಕ್. ಟಕ್‌ಟಿಕ್. ಟಕ್. ಟಕ್‌ಟಿಕ್.

ಎಡಗಾಲು. ಸೊಟ್ಟ ಮೊಳೆ.

"ಕತ್ತರೀ!" ಅಂತ ಕೂಗಿದೆ, ಮುಂದೆ ನೋಡುತ್ತಲೇ. "ನೀವೇನ್ರೀ ನನ್ನ ಹಿಂದೆ ಬರ್ತಿರೋದು?"

ಒಣಗಿದ ದನಿ ಬಂತು: "ನಾನೇ."

"ಆ ದರಿದ್ರ ಲಾಳ ಇನ್ನೂ ಸರಿ ಮಾಡಿಸ್ಕೊಂಡಿಲ್ವಾ?"

"ಯಾರು ಮಾಡ್ಕೊಟ್ರು?" ಅಂದ ಕತ್ತರಿ. ಆ ಸ್ಥಿತಿಯಲ್ಲೂ ನಾಲಿಗೆಯ ಹರಿತ ಹೋಗಿರಲಿಲ್ಲ. ಆಮೇಲೆ ದನಿ ಇಳಿಯಿತು. "ನನ್ನ ಹಿಂದೆ ಇದ್ದಾರೆ ಕಣಮ್ಮಾ."

"ನಿಮ್ಮ ಹಿಂದೆ ಇರೋದೂ ನಾನು ಹೊಡೆದ ಲಾಳಾನೇ!"

"ಗೊತ್ತು. ನಂಗೇನು ಬುದ್ಧಿ ಇಲ್ವಾ? ಇಡೀ ರಾತ್ರಿ ಅದನ್ನೇ ಹೇಳ್ಕೊಂಡು ನಡೀತಿದ್ದೀನಿ. ನಂಗೆ ಗೊತ್ತು, ನನ್ನ ಕಾಲಿಗೆ ಗೊತ್ತಿಲ್ಲ."

ನಾನು ನಕ್ಕುಬಿಟ್ಟೆ. ಅಳುತ್ತ ಅಳುತ್ತ ನಕ್ಕೆ. ನಗುವಾಗ ಕತ್ತಿನೊಳಗಿನ ಗೂಟ ಸಡಿಲಾಯಿತು. ತಿರುಗಿದೆ. ಕತ್ತರಿಯ ಮುಖ, ಹುಬ್ಬಿನ ತುಂಬ ಮಂಜಿನ ಹನಿ, ತೆರೆದ ಬಾಯಿ. ನಾನು ತಿರುಗಿದ್ದು ಕಂಡು ಅವನ ಕಣ್ಣು ಗುಡ್ಡೆ ಹೊರಗೆ ಬರುವಷ್ಟು ಅಗಲವಾಯಿತು. ಅವನ ಹಿಂದೆ ಬಣ್ಣದ ಕೋಣೆಯ ಹೆಂಗಸು, ಅವಳ ಹಿಂದೆ ಇನ್ಯಾರದೋ ನೆರಳು. ಎಲ್ಲ ನಮ್ಮವರೇ. ನಮ್ಮ ಬೆನ್ನು ಬಿಡದ ಬೇತಾಳಗಳು!

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಕೇಳಬೇಡಿ. ಅಲ್ಲೇ ಕೂತು ಎರಡೂ ಜೋಡನ್ನು ಕಿತ್ತು ಕೈಯಲ್ಲಿ ಹಿಡಿದೆ. ಕಲ್ಲುಹಾಸು ಐಸಿನ ಹಾಗಿತ್ತು. ನಾನು ನಿಂತದ್ದರಿಂದ ಕತ್ತರಿ ನಿಂತ, ಕೈ ಅಳತೆಯ ರೂಢಿ. ಅವನು ನಿಂತದ್ದರಿಂದ ಬಣ್ಣದವಳು ನಿಂತಳು. ಅವಳ ಹಿಂದಿನವರು, ಅವರ ಹಿಂದಿನವರು. ಸದ್ದು ನಮ್ಮಿಂದ ಹಿಂದಕ್ಕೆ ಹಿಂದಕ್ಕೆ ಆರುತ್ತ ಹೋಯಿತು. ಬಳೆಬೀದಿಯ ಸುತ್ತ ಆ ಮೌನ ನಡೆದುಹೋಗುವುದು ನನಗೆ ಕೇಳಿಸಿತು. ಗೇಟು ದಾಟಿತು, ನೀರಿನ ನಲ್ಲಿ ದಾಟಿತು, ಕಾರ್ಖಾನೆಯ ಆಚೆ ಬದಿಗೆ ಹೋಯಿತು, ಮತ್ತೆ ನಮ್ಮ ಎದುರಿನಿಂದ ಬರತೊಡಗಿತು.

ಇದು ಒಳ್ಳೆಯದಾಯಿತು ಅಂದುಕೊಂಡೆ. ನನ್ನ ದಡ್ಡತನಕ್ಕೆ ಇಷ್ಟು ಬೆಂಕಿ ಹಾಕ. ಸದ್ದು ನಿಂತರೆ ನಮ್ಮೂರಿನಲ್ಲಿ ಏನರ್ಥ ಅಂತ ಮರೆತೇಬಿಟ್ಟಿದ್ದೆ.

ಅಮ್ಮ ಇನ್ನೂ ನಡೆಯುತ್ತಿದ್ದಳು. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಅವಳಿಗೆ ಕೇಳಿಸಿತು. ಅವಳ ಹಿಂದೆ ಮಗಳಿದ್ದಳು, ಮಗಳ ಹಿಂದೆ ಬೂಟುಗಳಿದ್ದವು. ಈಗ ಬೂಟು ನಿಂತಿವೆ. ಥೇಟ್ ಅವತ್ತಿನ ಹಾಗೆ.

ಅಮ್ಮ ನಿಂತಳು. ಮಂಜಿನಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಶಾಲಿನ ಕೆಳಗೆ ಭುಜ ಕಲ್ಲಿನ ಹಾಗೆ. ಬರಿಗಾಲಲ್ಲೇ ಅವಳ ಹತ್ತಿರಕ್ಕೆ ಓಡಿದೆ. ಅವಳ ಎರಡೂ ಕೈ ಶಾಲಿನೊಳಗಿನಿಂದ ಹೊರಗೆ ಬಂತು. ಆಮೇಲೆ ಅವಳ ಗಂಟಲಿನಿಂದ ಒಂದು ಕೂಗು ಬಂತು, ಮನುಷ್ಯರದ್ದು ಅನ್ನಿಸುವ ಕೂಗಲ್ಲ ಅದು.

"ಬಿಡ್ರೋ ನನ್ ಮಗಳನ್ನ!"

ಅಂದವಳೇ ತಿರುಗಿ ಬೀಸಿದಳು. ಬೆನ್ನಿನವನಿಗೆ ಅಂತ ಎತ್ತಿದ್ದ ಏಟು ನನ್ನ ಕೆನ್ನೆಗೆ ಬಿತ್ತು. ಕಣ್ಣಲ್ಲಿ ನಕ್ಷತ್ರ ಕಂಡವು. ಇವತ್ತಿಗೂ ಆ ಬದಿಯ ಒಂದು ಹಲ್ಲು ಸ್ವಲ್ಪ ಅಲ್ಲಾಡುತ್ತದೆ.

ಅಮ್ಮ ಕೈ ಎತ್ತಿಕೊಂಡೇ ನಿಂತಿದ್ದಳು. ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಜೋಡು, ನನ್ನ ಬರಿಗಾಲು ನೋಡಿದಳು. ಆಮೇಲೆ ನನ್ನ ಭುಜದ ಮೇಲಿಂದ ಆಚೆಗೆ ನೋಡಿದಳು. ಅಲ್ಲಿ ಕತ್ತರಿ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಗಡಗಡ ನಡುಗುತ್ತಿದ್ದ. ಅವನ ಹಿಂದೆ ಬಣ್ಣದವಳು ಮೂಗು ಸೋರಿಸಿಕೊಂಡು ನಿಂತಿದ್ದಳು. ಅಮ್ಮ ಬಹಳ ಹೊತ್ತು ನೋಡಿದಳು, ಒಬ್ಬೊಬ್ಬರನ್ನೇ.

"ಅಯ್ಯೋ," ಅಂದಳು. ದನಿಯೇ ಇರಲಿಲ್ಲ ಅವಳಲ್ಲಿ. "ಇಷ್ಟೇನಾ ಇವ್ರು?"

ಆ ಮಾತು ಅವಳ ಬಾಯಿಂದ ಬಂದದ್ದೇ ಅವಳು ನೆಲಕ್ಕೆ ಜಾರತೊಡಗಿದಳು. ನಾನು ಹಿಡಿದುಕೊಂಡು ಬೀದಿಯ ನಡುವೆಯೇ ಕೂತೆ. ನನ್ನ ಪಾದ ಎರಡನ್ನೂ ಎಳೆದು ಮಡಿಲಲ್ಲಿಟ್ಟುಕೊಂಡು ಶಾಲಿನಿಂದ ಉಜ್ಜತೊಡಗಿದಳು. "ಈ ಚಳೀಲಿ ಬರಿಗಾಲಲ್ಲಿ ನಿಂತಿದ್ದೀಯಲ್ಲೇ, ಬುದ್ಧಿಗಿದ್ಧಿ ಇದೆಯಾ ನಿಂಗೆ?" ಅಂತ ಬೈದಳು. ಉಜ್ಜುತ್ತ ಉಜ್ಜುತ್ತ ಹೇಳಿದಳು, "ಅವತ್ತು ನಾನು ತಿರುಗ್ಲಿಲ್ಲ ಕಣೆ. ಒಂದೇ ಹೆಜ್ಜೆ ಹಿಂದೆ ಇದ್ಲು. ಕೊನೇ ಸಲ ಅವಳ ಮುಖಾನೂ ನೋಡ್ಲಿಲ್ಲ ನಾನು."

ನಾನು ಅವಳ ಊದಿದ ಕಾಲಿನಿಂದ ಜೋಡು ಬಿಚ್ಚಿದೆ. ಕತ್ತರಿ ಮೆಲ್ಲಗೆ ಕಣ್ಣಿನಿಂದ ಕೈ ತೆಗೆದ. ಅವನು ತಿರುಗಿದ, ಬಣ್ಣದವಳು ತಿರುಗಿದಳು. ಮಂಜಿನೊಳಗೆ ಎಲ್ಲೆಲ್ಲೋ ಜನ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವುದು, ಬಿಕ್ಕುವುದು, ಬಾಗಿಲು ತೆರೆಯುವುದು ಕೇಳಿಸಿತು.

ಮರುದಿನ ಅಂಗಡಿಯ ಮುಂದೆ ಜಾತ್ರೆ. "ಹೊಡಿ ಅಂದ್ರಿ ಹೊಡೆದೆ, ಈಗ ಕೀಳು ಅಂದ್ರೆ ಕೀಳ್ಬೇಕು. ಊರಿಗೇ ತಲೆ ಕೆಟ್ಟಿದೆ," ಅಂತ ಮಾವ ಇಕ್ಕಳ ಹಿಡಿದು ಗೊಣಗಿದ. ಲಾಳ ಕಿತ್ತ ಜಾಗಕ್ಕೆ ಒತ್ತಿದ ಉಣ್ಣೆಯ ಗಟ್ಟಿ ತುಂಡು ಹೊಲಿದೆವು. ಬೇಗ ಸವೆಯುತ್ತದೆ, ಸವೆಯಲಿ. ಮೂಟೆ ತಾತನನ್ನು ಮಣ್ಣು ಮಾಡುವಾಗ ಊರೆಲ್ಲ ಬಂದಿತು, ಯಾರೂ ಸಾಲಿನಲ್ಲಿ ನಿಲ್ಲಲಿಲ್ಲ. ನನ್ನ ಜೋಡಿಗೆ ಮಾವ ಇಕ್ಕಳ ಹಾಕಿದಾಗ ಮಾತ್ರ ಅಮ್ಮ ಅವನ ಕೈ ಹಿಡಿದಳು. "ಇವಳದ್ದು ಇರಲಿ. ಸದ್ದಾದಾಗೆಲ್ಲ ತಿರುಗಿ ನೋಡ್ಬೇಕು ನಾನು. ಅಭ್ಯಾಸ ಆಗ್ಲಿ."

ಹಾಗಾಗಿ ಈಗ ಊರಿನಲ್ಲಿ ಲಾಳದ ಜೋಡು ಇರುವುದು ನನಗೊಬ್ಬಳಿಗೆ. ಸಂಜೆ ನಾನು ಮನೆಗೆ ಬರುವಾಗ ಅಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿರುತ್ತಾಳೆ. ಟಕ್, ಟಕ್. ಅವಳ ಭುಜ ಬಿಗಿಯುತ್ತದೆ. ನಾನು ಬಾಗಿಲಲ್ಲಿ ನಿಲ್ಲುತ್ತೇನೆ, ಸದ್ದು ನಿಲ್ಲುತ್ತದೆ. ಆಮೇಲೆ ಅವಳ ಕತ್ತು ತುಕ್ಕು ಹಿಡಿದ ಕೀಲಿನ ಹಾಗೆ ನಿಧಾನವಾಗಿ ತಿರುಗುತ್ತದೆ. ನನ್ನನ್ನು ನೋಡುತ್ತಾಳೆ. "ನೀನಾ," ಅನ್ನುತ್ತಾಳೆ. ಆಮೇಲೆ ಪ್ರತಿ ಸಲವೂ ನನ್ನ ಭುಜದ ಮೇಲಿಂದ ಬಾಗಿಲಿನ ಆಚೆಗೆ ನೋಡುತ್ತಾಳೆ, ಒಂದು ಹೆಜ್ಜೆ ಹಿಂದೆ ಇನ್ನೊಬ್ಬಳು ಬರುತ್ತಿದ್ದಾಳೇನೋ ಅಂತ.

"ಬಾಗಿಲು ಹಾಕೇ, ಚಳಿ," ಅನ್ನುತ್ತಾಳೆ ಕೊನೆಗೆ.

ಹಾಕುತ್ತೇನೆ ಅನ್ನುತ್ತೇನೆ. ಆದರೆ ಸ್ವಲ್ಪ ಹೊತ್ತು ತೆರೆದೇ ಇಟ್ಟಿರುತ್ತೇನೆ.